ವಯಸ್ಸಾದ ಪಿಚರ್ ಚೆನ್ನಾಗಿ ಎಸೆದರೆ ಸೂಜಿಯೇ ಕಾರಣವೇ?

ಪ್ರಶ್ನೆ: ನನಗೆ 43 ವರ್ಷ. ಊರು ದಾವಣಗೆರೆ. 2004ರಲ್ಲಿ ಓದಲೆಂದು ಹ್ಯೂಸ್ಟನ್‌ಗೆ ಬಂದಾಗ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ. ಆ ವರ್ಷವೇ ರೋಜರ್ ಕ್ಲೆಮೆನ್ಸ್ ಎಂಬ ಪಿಚರ್ (ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವರು) ಇಲ್ಲಿನ ಆಸ್ಟ್ರೋಸ್ ತಂಡ ಸೇರಿದ್ದರು. ನನ್ನ ಚಿಕ್ಕಪ್ಪನ ವಯಸ್ಸಿನ ಮನುಷ್ಯ ಇಪ್ಪತ್ತೈದರ ಹುಡುಗರನ್ನು ಒಬ್ಬರ ಹಿಂದೊಬ್ಬರಂತೆ ಔಟ್ ಮಾಡಿ ಕಳಿಸುವುದನ್ನು ನೋಡಿ ಬೇಸ್‌ಬಾಲ್‌ಗೆ ಮರುಳಾದೆ. ಮೂರು ವರ್ಷದ ಮೇಲೆ ಅವರ ಹೆಸರು ಸ್ಟೆರಾಯ್ಡ್ ವರದಿಯಲ್ಲಿ ಬಂದಾಗ ನನಗೇ ಯಾರೋ ಮೋಸ ಮಾಡಿದಂತಾಯಿತು. ಈಗ ನಾನೂ ವಾರಾಂತ್ಯದ ಲೀಗಿನಲ್ಲಿ ಪಿಚಿಂಗ್ ಮಾಡುತ್ತೇನೆ. ಭಾನುವಾರ ಎಸೆದರೆ ಬುಧವಾರದವರೆಗೂ ಬಲಭುಜ ಎತ್ತಲಾಗುವುದಿಲ್ಲ. ಜಿಮ್ಮಿನ ಗೆಳೆಯ, 'ನಲವತ್ತು ದಾಟಿ ಆಡಿದ ಪಿಚರ್‌ಗಳೆಲ್ಲ ತಗೊಂಡೇ ಆಡಿದ್ದು, ನೀನೂ ಟೆಸ್ಟೋಸ್ಟೆರಾನ್ ಕ್ಲಿನಿಕ್ಕಿಗೆ ಹೋಗು' ಎನ್ನುತ್ತಾನೆ. ಒಂದು ಡಬ್ಬಿ ಕ್ಯಾಪ್ಸೂಲನ್ನೂ ಕೊಟ್ಟಿದ್ದಾನೆ, ಇನ್ನೂ ತೆರೆದಿಲ್ಲ. ಹದಿನೈದರ ಮಗನೂ ಪಿಚರ್. ಡಬ್ಬಿ ನೋಡಿ, 'ಎಲ್ಲರೂ ಹಾಗೇ ಮಾಡಿದ್ರೆ ತಪ್ಪೇನಪ್ಪಾ?' ಎಂದ. ಏನು ಹೇಳಲಿ? ನಿಜಕ್ಕೂ ಎಲ್ಲರೂ ತಗೊಂಡೇ ಆಡಿದರೇ? ನಾನು ತಗೊಂಡರೆ ಏನಾಗುತ್ತದೆ?

ಉತ್ತರ: ನಿಮ್ಮ ಪತ್ರ ಕ್ಲೆಮೆನ್ಸ್‌ನಿಂದ ಶುರುವಾಗಿ ನಿಮ್ಮ ಭುಜಕ್ಕೆ ಬಂದು ನಿಂತಿದೆ. ನನ್ನ ಹತ್ತಿರ ಬರುವ ನಲವತ್ತರ ಆಸುಪಾಸಿನ ಗಂಡಸರ ಮಾತೆಲ್ಲ ಸುಮಾರಾಗಿ ಹೀಗೇ. ಮೊದಲ ಹತ್ತು ನಿಮಿಷ ಯಾರೋ ದೊಡ್ಡ ಆಟಗಾರನ ಸುದ್ದಿ, ಆಮೇಲೆ ಮೆಲ್ಲಗೆ ಅಂಗಿಯ ತೋಳು ಮೇಲೇರುತ್ತದೆ. ಇಪ್ಪತ್ತೆರಡು ವರ್ಷದಿಂದ ಆಟಗಾರರ ಭುಜ, ಮೊಣಕೈ ನೋಡುವುದೇ ನನ್ನ ಕೆಲಸವಾದ್ದರಿಂದ ನಿಮ್ಮ ಎರಡೂ ಪ್ರಶ್ನೆಗೆ ಉತ್ತರಿಸುತ್ತೇನೆ. ಒಂದನ್ನು ಬಿಟ್ಟು ಇನ್ನೊಂದು ಬಿಡಿಸಿಕೊಳ್ಳುವುದಿಲ್ಲ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ನಮ್ಮವರಿಗೆ 'ಸ್ಟೆರಾಯ್ಡ್' ಎಂದರೆ ದಮ್ಮಿಗೆ, ಅಲರ್ಜಿಗೆ, ಕೋವಿಡ್ ಸಮಯದಲ್ಲಿ ಆಸ್ಪತ್ರೆಯಲ್ಲಿ ಕೊಟ್ಟ ಮದ್ದು. ಅದು ಕಾರ್ಟಿಕೋಸ್ಟೆರಾಯ್ಡ್. ಉರಿಯೂತ ತಗ್ಗಿಸುತ್ತದೆ, ಮಾಂಸಖಂಡ ಬೆಳೆಸುವುದಿಲ್ಲ. ಬಹಳ ದಿನ ತೆಗೆದುಕೊಂಡರೆ ಇರುವ ಖಂಡವನ್ನೂ ಕರಗಿಸುತ್ತದೆ. ಬೇಸ್‌ಬಾಲ್‌ನ ಗಲಾಟೆ ಅನಾಬಾಲಿಕ್ ಸ್ಟೆರಾಯ್ಡ್ ಕುರಿತದ್ದು. ಅಂದರೆ ಟೆಸ್ಟೋಸ್ಟೆರಾನ್ ಮತ್ತು ಅದರ ದಾಯಾದಿಗಳಾದ ಸ್ಟಾನೊಜೊಲಾಲ್, ನ್ಯಾಂಡ್ರೊಲೋನ್, ಬೋಲ್ಡೆನೋನ್ ಇತ್ಯಾದಿ. ಬೆಳವಣಿಗೆಯ ಹಾರ್ಮೋನು, ಎಚ್‌ಜಿಎಚ್ ಎನ್ನುತ್ತಾರಲ್ಲ, ಅದು ಸ್ಟೆರಾಯ್ಡೇ ಅಲ್ಲ. ಆದರೆ ಜಿಮ್ಮುಗಳಲ್ಲಿ ಇವೆರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ಓಡಾಡುತ್ತವೆ.

ಇನ್ನು ನಿಮ್ಮ ಗೆಳೆಯನ ಮಾತು. ಸ್ಟೆರಾಯ್ಡ್ ತಗೊಂಡರೆ ಚೆಂಡಿನ ವೇಗ ಏರುತ್ತದೆ, ಅದಕ್ಕೇ ಮುದುಕರು ಆಡುತ್ತಾರೆ ಎನ್ನುವುದು ಜನರ ಲೆಕ್ಕ. ಚೆಂಡೆಸೆಯುವಾಗ ತೋಳು ಏನು ಮಾಡುತ್ತದೆ ನೋಡಿ. ಬಲ ಹುಟ್ಟುವುದು ಕಾಲಲ್ಲಿ. ಅದು ಸೊಂಟಕ್ಕೇರಿ, ಎದೆಯಿಂದ ಭುಜಕ್ಕೆ ಹಾಯ್ದು, ಕೊನೆಗೆ ಬೆರಳ ತುದಿಯಲ್ಲಿ ಸಿಡಿಯುತ್ತದೆ. ಕವಣೆ ಬೀಸಿದವರಿಗೆ ಇದು ಗೊತ್ತು: ಕಲ್ಲು ದೂರ ಹೋಗುವುದು ರಟ್ಟೆಯ ದಪ್ಪದಿಂದಲ್ಲ, ಬೀಸಿನಿಂದ. ದೊಡ್ಡ ಲೀಗಿನ, ಅಂದರೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ, ಪಿಚರ್‌ನ ಭುಜ ಆ ಕ್ಷಣದಲ್ಲಿ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ಒಳಕ್ಕೆ ತಿರುಗುತ್ತದೆ. ಮನುಷ್ಯ ದೇಹದಲ್ಲಿ ಅಳೆದಿರುವ ಅತಿ ವೇಗದ ಚಲನೆಗಳಲ್ಲಿ ಇದೊಂದು. ಮೊಣಕೈಯ ಒಳಬದಿಯಲ್ಲಿ ಎರಡು ಮೂಳೆಗಳನ್ನು ಹಿಡಿದಿಟ್ಟಿರುವ ಪುಟ್ಟ ಅಸ್ಥಿರಜ್ಜು ಪ್ರತಿ ಎಸೆತದಲ್ಲೂ ತಾನು ತಾಳಬಲ್ಲ ಮಿತಿಯ ಅಂಚಿಗೆ ಹೋಗಿ ಬರುತ್ತದೆ. ಅದು ಹರಿದಾಗ ಮಾಡುವ ಶಸ್ತ್ರಚಿಕಿತ್ಸೆಗೆ ಟಾಮಿ ಜಾನ್ ಎಂಬ ಪಿಚರ್‌ನ ಹೆಸರೇ ನಿಂತಿದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರ ಕೈಯಲ್ಲಿ ಮೊದಲ ಬಾರಿ ಮಾಡಿಸಿಕೊಂಡ ಆತ, ಆಮೇಲೆ 46ರವರೆಗೂ ಎಸೆದ.

ಟೆಸ್ಟೋಸ್ಟೆರಾನ್ ಖಂಡಕ್ಕೆ ಬಲ ಕೊಡುತ್ತದೆ ಎನ್ನುವುದರಲ್ಲಿ ಅನುಮಾನ ಬೇಡ. ಶಲೇಂದರ್ ಭಾಸಿನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 43 ಗಂಡಸರಿದ್ದರು. ಹತ್ತು ವಾರ, ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡು ಭಾರ ಎತ್ತಿದವರಿಗೆ ಕೊಬ್ಬಲ್ಲದ ತೂಕ ಸರಾಸರಿ 6 ಕಿಲೋ ಏರಿತು. 'ಸ್ಟೆರಾಯ್ಡ್‌ನಿಂದ ಏನೂ ಆಗುವುದಿಲ್ಲ' ಎಂದು ವೈದ್ಯರು ಹೇಳುತ್ತ ಬಂದಿದ್ದ ಹಿತವಚನಕ್ಕೆ ಅಂದಿಗೆ ತೆರೆ ಬಿತ್ತು. ಒಳ್ಳೆಯದೇ ಆಯಿತು, ಸುಳ್ಳು ಹೇಳಿ ಹೆದರಿಸಿದರೆ ಆಟಗಾರರು ನಮ್ಮನ್ನು ನಂಬುವುದಿಲ್ಲ. ಎಚ್‌ಜಿಎಚ್‌ನ ಕತೆ ಬೇರೆ. ಆಸ್ಟ್ರೇಲಿಯದ ಸಂಶೋಧಕರು 2010ರಲ್ಲಿ ಹವ್ಯಾಸಿ ಆಟಗಾರರ ಮೇಲೆ ಮಾಡಿದ ಪ್ರಯೋಗದಲ್ಲಿ ಕ್ಷಣಮಾತ್ರದ ಓಟದ ಸಾಮರ್ಥ್ಯ ತುಸು ಏರಿತೇ ಹೊರತು ಶಕ್ತಿ ಏರಲಿಲ್ಲ.

ಹಾಗಾದರೆ ಪಿಚರ್‌ಗೆ ಆಸೆ ಹುಟ್ಟುವುದು ಎಲ್ಲಿ? ಚೇತರಿಕೆಯಲ್ಲಿ. ಐದು ದಿನಕ್ಕೊಮ್ಮೆ ನೂರು ಚೆಂಡು, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಇಪ್ಪತ್ತೈದರಲ್ಲಿ ಮೂರನೇ ದಿನಕ್ಕೆ ತೋಳು ಹಗುರವಾಗುತ್ತದೆ. ನಲವತ್ತರಲ್ಲಿ ಐದನೇ ದಿನವೂ ಭಾರವಾಗಿರುತ್ತದೆ. ಅನಾಬಾಲಿಕ್ ಮದ್ದು ಹರಿದ ಖಂಡದ ದುರಸ್ತಿಯನ್ನು ಬೇಗ ಮುಗಿಸಿ ಆ ಎರಡು ದಿನವನ್ನು ಕದ್ದು ಕೊಡುತ್ತದೆ. ಏಪ್ರಿಲ್‌ನಲ್ಲಿದ್ದ ವೇಗ ಆಗಸ್ಟ್‌ನಲ್ಲೂ ಉಳಿಯಲಿ ಎನ್ನುವುದೇ ಮದ್ದಿನ ಮೊರೆಹೋಗುವ ಪಿಚರ್‌ನ ಲೆಕ್ಕಾಚಾರ. ಕ್ಲೆಮೆನ್ಸ್ ಜೊತೆ ಆಡಿದ ಪಿಚರ್ ಆಂಡಿ ಪೆಟಿಟ್ ಇದನ್ನು ಬಾಯಿಬಿಟ್ಟು ಹೇಳಿದರು. 2002ರಲ್ಲಿ ಮೊಣಕೈ ನೋವಾದಾಗ ಬೇಗ ವಾಸಿಯಾಗಲೆಂದು ಎಚ್‌ಜಿಎಚ್ ತಗೊಂಡೆ ಎಂದು 2007ರ ಕೊನೆಯಲ್ಲಿ ಒಪ್ಪಿಕೊಂಡರು. 2004ರಲ್ಲೂ ತಗೊಂಡಿದ್ದೆ ಎಂದು ಮುಂದಿನ ಫೆಬ್ರವರಿಯಲ್ಲಿ ಸೇರಿಸಿದರು.

ಈ ಕದ್ದ ದಿನಗಳಿಗೆ ಬಡ್ಡಿ ಕಟ್ಟುವುದು ಸ್ನಾಯುರಜ್ಜು. ಖಂಡ ವಾರಗಳಲ್ಲಿ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟಿರುವ ರಜ್ಜು ತಿಂಗಳುಗಟ್ಟಲೆ ಹಿಂದೆ ಉಳಿಯುತ್ತದೆ. ಎತ್ತು ಹೊಸದು, ಮಿಣಿ ಹಳೆಯದು. ಕೆಲವು ವರ್ಷದ ಹಿಂದೆ 44ರ ಒಬ್ಬರು ನನ್ನ ಮುಂದೆ ಕೂತು ತೋಳು ಮಡಚಿದರು. ಮೇಲ್ದೋಳಿನ ಮುಂಬದಿಯ ಖಂಡ ಎಳನೀರು ಬುರುಡೆಯಷ್ಟಿತ್ತು, ಆದರೆ ಇರಬೇಕಾದ ಜಾಗದಲ್ಲಿರಲಿಲ್ಲ; ಮೇಲಿನ ರಜ್ಜು ಹರಿದು ಕೆಳಕ್ಕೆ ಜಾರಿ ಮೊಣಕೈ ಹತ್ತಿರ ಉಂಡೆಯಾಗಿತ್ತು. ಹರಿದ ಸದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಿತಂತೆ. ಎಂಟು ತಿಂಗಳಿಂದ ಸೂಜಿ ಹಾಕಿಕೊಳ್ಳುತ್ತಿದ್ದೆ ಎಂದು ಹೆಂಡತಿ ಹೊರಗೆ ಹೋದ ಮೇಲೆ ಹೇಳಿದರು.

ಈಗ ಕ್ಲೆಮೆನ್ಸ್ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅನುಮಾನ ಹೇಗೆ ಬೆಳೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಸ್‌ಬಾಲ್‌ನಲ್ಲಿಲ್ಲ.

ಜನ ಹೇಳುವ ಕತೆ ಇಷ್ಟು: ಬಾಸ್ಟನ್ ತಂಡದಲ್ಲಿ ಕೊನೆಯ ನಾಲ್ಕು ವರ್ಷ, 1993ರಿಂದ 96ರವರೆಗೆ, 40 ಗೆಲುವು 39 ಸೋಲು. ಆಟ ಮುಗಿಯುತ್ತ ಬಂತು ಎಂದು ತಂಡ ಬಿಟ್ಟುಕೊಟ್ಟಿತು. ಟೊರಾಂಟೊ ಸೇರಿದರು. 1997ರಲ್ಲಿ 21 ಗೆಲುವು, 7 ಸೋಲು. ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, ಬರೀ 2.05. ಮರುವರ್ಷ ಮತ್ತೆ 20 ಗೆಲುವು. ಎರಡು ವರ್ಷವೂ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಹ್ಯೂಸ್ಟನ್‌ನಲ್ಲಿ 2005ರಲ್ಲಿ, 43 ತುಂಬಿದ ವರ್ಷ, ಇಆರ್‌ಎ 1.87. ಮಂತ್ರವಿಲ್ಲದೆ ಮಾವಿನಕಾಯಿ ಉದುರೀತೇ?

2007ರ ಡಿಸೆಂಬರ್ 13ರಂದು ಬೇಸ್‌ಬಾಲ್‌ನಲ್ಲಿ ಮದ್ದಿನ ಬಳಕೆ ಕುರಿತು ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಅವರ ವರದಿ ಹೊರಬಂತು. ಅದರಲ್ಲಿ ಕ್ಲೆಮೆನ್ಸ್ ವಿರುದ್ಧ ಹೇಳಿಕೆ ಕೊಟ್ಟವರು ಅವರ ತರಬೇತುದಾರ ಬ್ರಯನ್ ಮ್ಯಾಕ್‌ನಮೀ. ನಾನೇ ಚುಚ್ಚಿದ್ದೆ ಎಂದರು. ಯಾವಾಗ? 1998ರ ಬೇಸಿಗೆಯಲ್ಲಿ, ಆಮೇಲೆ 2000 ಮತ್ತು 2001ರಲ್ಲಿ. ಈ ವರ್ಷಗಳನ್ನು ಇನ್ನೊಮ್ಮೆ ಓದಿ. ಎಲ್ಲರೂ ಬೆರಳು ಮಾಡಿ ತೋರಿಸುವ 1997ರ ಪವಾಡ ಆರೋಪದೊಳಗಿಲ್ಲ. ಮ್ಯಾಕ್‌ನಮೀ ಟೊರಾಂಟೊಗೆ ಬಂದದ್ದೇ 1998ರಲ್ಲಿ. ನಿಮ್ಮನ್ನು ಮರುಳು ಮಾಡಿದ ಹ್ಯೂಸ್ಟನ್‌ನ ವರ್ಷಗಳೂ ಅದರಲ್ಲಿಲ್ಲ. ಇನ್ನು 'ಮುಗಿದುಹೋಗಿದ್ದ' 1996: ಆ ವರ್ಷ ಸೋಲು ಹೆಚ್ಚಾಗಿದ್ದದ್ದು ನಿಜ. ಆದರೆ ಅಮೆರಿಕನ್ ಲೀಗಿನಲ್ಲಿ ಅತಿ ಹೆಚ್ಚು, 257 ಮಂದಿಯನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದವರು ಅವರೇ. ಸೆಪ್ಟೆಂಬರ್ 18ರಂದು ಡೆಟ್ರಾಯ್ಟ್ ವಿರುದ್ಧ ಒಂದೇ ಪಂದ್ಯದಲ್ಲಿ 20 ಮಂದಿಯನ್ನು ಹಾಗೆ ಕಳಿಸಿದರು. ತೋಳು ಸತ್ತವನು ಎಸೆಯುವ ಎಸೆತವಲ್ಲ ಅದು.

ಹಾಗೆಂದು ಕ್ಲೆಮೆನ್ಸ್ ಪರ ವಕಾಲತ್ತು ಹಾಕುತ್ತಿಲ್ಲ. 1998ರಲ್ಲಿ ಜೂನ್‌ನಿಂದ ಸೀಸನ್ ಮುಗಿಯುವವರೆಗೆ ಅವರು ಒಂದೂ ಪಂದ್ಯ ಸೋಲಲಿಲ್ಲ, ಮ್ಯಾಕ್‌ನಮೀ ಹೇಳಿದ ಕಾಲವೂ ಅದೇ. ಅದೇ ಮ್ಯಾಕ್‌ನಮೀ ಪೆಟಿಟ್ ಬಗ್ಗೆ ಹೇಳಿದ್ದು ನಿಜವೆಂದು ಪೆಟಿಟ್ ಅವರೇ ಒಪ್ಪಿಕೊಂಡದ್ದನ್ನೂ ಮರೆಯಬಾರದು. ಹಳೆಯ ಬಿಯರ್ ಡಬ್ಬಿಯಲ್ಲಿ ಕೂಡಿಟ್ಟಿದ್ದ ಸೂಜಿ, ಹತ್ತಿಬಟ್ಟೆಗಳನ್ನು ಮ್ಯಾಕ್‌ನಮೀ ಸರ್ಕಾರಕ್ಕೆ ಕೊಟ್ಟರು. ಆ ಡಬ್ಬಿಯೇ ಕಲಬೆರಕೆಯ ಕಸ ಎಂದು ಕ್ಲೆಮೆನ್ಸ್ ವಕೀಲರು ವಾದಿಸಿದರು. ಕ್ಲೆಮೆನ್ಸ್ 2008ರ ಫೆಬ್ರವರಿಯಲ್ಲಿ ಸಂಸತ್ ಸಮಿತಿಯ ಮುಂದೆ ಪ್ರಮಾಣ ಮಾಡಿ ಎಲ್ಲವನ್ನೂ ನಿರಾಕರಿಸಿದರು. ಸುಳ್ಳು ಪ್ರಮಾಣದ ಮೊಕದ್ದಮೆ ಬಿತ್ತು. ಎಚ್‌ಜಿಎಚ್ ತಗೊಂಡಿದ್ದೆ ಎಂದು ಕ್ಲೆಮೆನ್ಸ್ ತಮಗೆ ಹೇಳಿದ್ದರೆಂದು ಮೊದಲು ತಿಳಿಸಿದ್ದ ಪೆಟಿಟ್, ವಿಚಾರಣೆಯಲ್ಲಿ ತಾನು ತಪ್ಪಾಗಿ ಕೇಳಿಸಿಕೊಂಡಿರುವ ಸಾಧ್ಯತೆ ಅರ್ಧಕ್ಕರ್ಧ ಎಂದುಬಿಟ್ಟರು. 2012ರ ಜೂನ್ 18ರಂದು ಎಲ್ಲ ಆರೋಪಗಳಿಂದಲೂ ಖುಲಾಸೆ. ಆದರೂ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್‌ನ ಮಹಾನ್ ಆಟಗಾರರ ಗೌರವ ಮಂದಿರ, ಬಾಗಿಲು ತೆರೆಯಲಿಲ್ಲ. ಹತ್ತನೇ ಮತ್ತು ಕೊನೆಯ ವರ್ಷವಾದ 2022ರಲ್ಲಿ ಪತ್ರಕರ್ತರ ಮತ 65.2 ಶೇಕಡಾ, ಬೇಕಿದ್ದದ್ದು 75. ನ್ಯಾಯಾಲಯ ಒಂದು ಹೇಳಿತು, ಆಟದ ಊರು ಇನ್ನೊಂದು ಹೇಳಿತು. ನನ್ನನ್ನು ಕೇಳಿದರೆ, ಅಂಕಿಅಂಶದಿಂದ ಅವರನ್ನು ತಪ್ಪಿತಸ್ಥ ಎಂದವರೂ ಅಂಕಿಅಂಶದಿಂದಲೇ ಅಮಾಯಕ ಎಂದವರೂ ಒಂದೇ ತಪ್ಪು ಮಾಡಿದ್ದಾರೆ.

ಆ ತಪ್ಪು ಏನೆಂದು ಹೇಳುತ್ತೇನೆ. 2008ರ ಆರಂಭದಲ್ಲಿ ಕ್ಲೆಮೆನ್ಸ್ ಅವರ ಏಜೆಂಟರು ಉದ್ದನೆಯ ವರದಿಯೊಂದನ್ನು ಹೊರತಂದರು. ಇವರ ಆಟದ ರೇಖೆಯನ್ನು ನೋಲನ್ ರಯನ್, ರ‍್ಯಾಂಡಿ ಜಾನ್ಸನ್, ಕರ್ಟ್ ಶಿಲಿಂಗ್ ಜೊತೆ ಇಟ್ಟು ನೋಡಿ, ಏನೂ ವಿಚಿತ್ರವಿಲ್ಲ ಎಂದರು. ವಾರ್ಟನ್ ವಾಣಿಜ್ಯ ಶಾಲೆಯ ನಾಲ್ವರು ಪ್ರಾಧ್ಯಾಪಕರು ಅದನ್ನು ನೋಡಿ ನಕ್ಕಿರಬೇಕು. ವಯಸ್ಸಾದ ಮೇಲೂ ಚೆನ್ನಾಗಿ ಆಡಿದವರನ್ನೇ ಆರಿಸಿ ಪಕ್ಕದಲ್ಲಿ ನಿಲ್ಲಿಸಿದರೆ ಯಾರೂ ವಿಚಿತ್ರವಾಗಿ ಕಾಣುವುದಿಲ್ಲ. ಮದುವೆ ಮನೆಯಲ್ಲಿ ಉಂಡವರನ್ನಷ್ಟೇ ಕೇಳಿ ಊರಲ್ಲಿ ಹಸಿದವರಿಲ್ಲ ಎಂದ ಹಾಗೆ. ಅವರು ದೀರ್ಘಕಾಲ ಆಡಿದ ಪಿಚರ್‌ಗಳನ್ನೆಲ್ಲ ಸೇರಿಸಿ ನೋಡಿದರು. ಸಾಮಾನ್ಯ ಪಿಚರ್ ಮೂವತ್ತರವರೆಗೆ ಸುಧಾರಿಸಿ ಆಮೇಲೆ ಇಳಿಯುತ್ತಾನೆ. ಕ್ಲೆಮೆನ್ಸ್ ಮೊದಲು ಇಳಿದು ಆಮೇಲೆ ಏರಿದ್ದರು. ಅದು ಅಪರೂಪ, ಆದರೆ ಅಪರೂಪ ಎಂದರೆ ಅಪರಾಧವಲ್ಲ ಎಂದೂ ಆ ಪ್ರಾಧ್ಯಾಪಕರೇ ಬರೆದರು. ಪತ್ರಿಕೆ ಓದಿದವರಿಗೆ ಮೊದಲರ್ಧ ನೆನಪುಳಿಯಿತು.

ಇಳಿದು ಏರಿದವರು ಇನ್ನೊಬ್ಬರನ್ನು ನೀವು ಹ್ಯೂಸ್ಟನ್‌ನಲ್ಲಿ ಕಣ್ಣಾರೆ ನೋಡಿದ್ದೀರಿ. ಜಸ್ಟಿನ್ ವರ್ಲ್ಯಾಂಡರ್. 2014ರಲ್ಲಿ, 31ರಲ್ಲಿ, ಅವರ ಇಆರ್‌ಎ 4.54ಕ್ಕೆ ಹೋಗಿ, ಇವರದ್ದೂ ಆಯಿತು ಎಂದು ಡೆಟ್ರಾಯ್ಟ್ ಜನ ಗೊಣಗಿದರು. 2019ರಲ್ಲಿ 36ರ ವಯಸ್ಸಿಗೆ 300 ಸ್ಟ್ರೈಕ್‌ಔಟ್, ಸೈ ಯಂಗ್. ಮರುವರ್ಷ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 2022ರಲ್ಲಿ 39ಕ್ಕೆ ಮರಳಿ ಬಂದು 1.75 ಇಆರ್‌ಎ, ಮತ್ತೆ ಸೈ ಯಂಗ್. ಇದೆಲ್ಲ ಮೂತ್ರ, ರಕ್ತ ಎರಡನ್ನೂ ಪರೀಕ್ಷಿಸುವ ಕಾಲದಲ್ಲಿ, ಮದ್ದಿನ ವಿರುದ್ಧ ಬಹಿರಂಗವಾಗಿ ಗುಡುಗುವ ಮನುಷ್ಯನಿಂದ. ಎಸೆತದ ಬಗೆ ಬದಲಿಸಿದರು, ಸ್ಲೈಡರನ್ನು (ಕೊನೆಯಲ್ಲಿ ಪಕ್ಕಕ್ಕೆ ಜಾರುವ ಎಸೆತ) ತಿದ್ದಿಕೊಂಡರು, ವೇಗದ ಚೆಂಡನ್ನು ಎತ್ತರಕ್ಕೆ ಎಸೆಯತೊಡಗಿದರು. ಗ್ರಾಫ್ ಮಾತ್ರ ನೋಡಿದ್ದರೆ ಇವರ ಮೇಲೂ ಕೇಸು ಹಾಕಬಹುದಿತ್ತು.

ಎಲ್ಲರೂ ತಗೊಂಡೇ ಆಡಿದ್ದು ಎನ್ನುವವನಿಗೆ ಜೇಮಿ ಮೋಯರ್ ಹೆಸರು ಹೇಳಿ. 2012ರ ಏಪ್ರಿಲ್ 17ರಂದು, 49 ವರ್ಷ 150 ದಿನ ವಯಸ್ಸಿನಲ್ಲಿ ಪಂದ್ಯ ಗೆದ್ದ ಆತನ ವೇಗ ಗಂಟೆಗೆ 80 ಮೈಲಿ ಮುಟ್ಟಲು ತಿಣುಕುತ್ತಿತ್ತು. ನಿಮ್ಮ ಲೀಗಿನಲ್ಲಿ ಅಷ್ಟು ವೇಗದವರು ಇಬ್ಬರಾದರೂ ಇದ್ದಾರು. ಗೆದ್ದದ್ದು ಜಾಗ ತಪ್ಪದ ಎಸೆತದಿಂದ, ಬ್ಯಾಟ್ಸ್‌ಮನ್‌ನ ತಲೆಯೊಳಗೆ ಹೊಕ್ಕು ಕೂತದ್ದರಿಂದ. ಫಿಲ್ ನೀಕ್ರೊ 48ರವರೆಗೆ, ಹಾಯ್ಟ್ ವಿಲ್‌ಹೆಲ್ಮ್ ಐವತ್ತು ತುಂಬಲು ಕೆಲವೇ ದಿನವಿದ್ದಾಗಲೂ ಎಸೆದರು. ಇಬ್ಬರದ್ದೂ ತಿರುಗದೆ ತೇಲುತ್ತ ಬರುವ ನಕಲ್‌ಬಾಲ್. ಅದಕ್ಕೆ ಯಾವ ಸೂಜಿಯೂ ಸಹಾಯ ಮಾಡುವುದಿಲ್ಲ, ಉಗುರು ಸರಿಯಾಗಿ ಕತ್ತರಿಸಿಕೊಂಡಿದ್ದರೆ ಸಾಕು. ನೋಲನ್ ರಯನ್ 44ರಲ್ಲಿ, 1991ರ ಮೇ 1ರಂದು, ತಮ್ಮ ಏಳನೇ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಬಿಟ್ಟುಕೊಡದ ಪಂದ್ಯ) ಎಸೆದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಅದೇ ಸಾಧನೆ ಹದಿನೈದು ವರ್ಷ ತಡವಾಗಿ ಆಗಿದ್ದರೆ ಮರುದಿನದ ಪತ್ರಿಕೆಯ ಧಾಟಿ ಬೇರೆಯೇ ಇರುತ್ತಿತ್ತು. ಆ ನಡುವೆ ಬದಲಾದದ್ದು ನಮ್ಮ ಕಣ್ಣು.

ಇದರ ಇನ್ನೊಂದು ಮಗ್ಗುಲೂ ಇದೆ. ದೊಡ್ಡ ಲೀಗು 1991ರಲ್ಲೇ ಸ್ಟೆರಾಯ್ಡ್ ನಿಷಿದ್ಧ ಎಂದು ಪತ್ರ ಕಳಿಸಿ, ಪರೀಕ್ಷೆ ಮಾತ್ರ ಮಾಡದೆ ಕೂತಿತ್ತು. 2003ರಲ್ಲಿ ಹೆಸರಿಲ್ಲದ ಪ್ರಾಯೋಗಿಕ ಪರೀಕ್ಷೆ ನಡೆದಾಗ ಪಾಸಿಟಿವ್ ಬಂದದ್ದು ಶೇಕಡಾ 5ರಿಂದ 7. ಪರೀಕ್ಷೆ ಬರುತ್ತದೆಂದು ಮೊದಲೇ ಗೊತ್ತಿದ್ದೂ ಇಷ್ಟು ಸಿಕ್ಕಿತು ಎಂದರೆ ನಿಜವಾದ ಸಂಖ್ಯೆ ಇನ್ನೂ ಹೆಚ್ಚಿತ್ತು ಎಂದೇ ನನ್ನ ಎಣಿಕೆ. ಆದರೂ 'ಎಲ್ಲರೂ' ಎನ್ನುವುದಕ್ಕೂ ಇದಕ್ಕೂ ಅಜಗಜಾಂತರ. ಇಂದು ಮೊದಲ ಸಲಕ್ಕೆ 80 ಪಂದ್ಯ, ಎರಡನೆಯದಕ್ಕೆ 162, ಮೂರನೆಯದಕ್ಕೆ ಆಜೀವ ನಿಷೇಧ. ಆ ಆಜೀವ ಶಿಕ್ಷೆಗೆ ಮೊದಲು ಗುರಿಯಾದವರು ಪಿಚರ್ರೇ: ಮೆಟ್ಸ್ ತಂಡದ ಹೆನ್ರಿ ಮೆಹಿಯ, 2016ರಲ್ಲಿ. ವಯಸ್ಸು 26! (ಎರಡು ವರ್ಷದ ಮೇಲೆ ಅವರಿಗೆ ಮರಳಲು ಅನುಮತಿ ಸಿಕ್ಕಿತು.) ನಾವು ನಲವತ್ತರವರ ಮೇಲೆ ಕಣ್ಣಿಟ್ಟು ಕೂತಿರುತ್ತೇವೆ, ಜಾಗ ಗಟ್ಟಿ ಮಾಡಿಕೊಳ್ಳುವ ಅವಸರ ಇಪ್ಪತ್ತರವರಿಗೂ ಅಷ್ಟೇ ಇರುತ್ತದೆ.

ವಯಸ್ಸಾದವರೂ ಸಿಕ್ಕಿಬಿದ್ದಿದ್ದಾರೆ. ಬಾರ್ಟೊಲೊ ಕೊಲೊನ್ 2012ರ ಆಗಸ್ಟ್‌ನಲ್ಲಿ, 39ರಲ್ಲಿ, ಟೆಸ್ಟೋಸ್ಟೆರಾನ್ ಪತ್ತೆಯಾಗಿ 50 ಪಂದ್ಯ ಹೊರಗೆ ಕೂತರು. ಶಿಕ್ಷೆ ಮುಗಿಸಿ ಬಂದು 2013ರಲ್ಲಿ, 40ನೇ ವಯಸ್ಸಿನಲ್ಲಿ, 18 ಗೆದ್ದು 6 ಸೋತರು, ಇಆರ್‌ಎ 2.65. ಸಿಕ್ಕಿಬಿದ್ದ ವರ್ಷಕ್ಕಿಂತ ಎಷ್ಟೋ ಚೆನ್ನಾಗಿ! ಇದನ್ನು ಯಾವ ಕತೆಗೆ ಹೊಂದಿಸುತ್ತೀರಿ?

ಪರೀಕ್ಷೆ ಏನನ್ನು ಹಿಡಿಯುತ್ತದೆ ಎಂದು ತಿಳಿದರೆ ಸುದ್ದಿ ಓದುವಾಗ ಅನುಕೂಲ. ಟೆಸ್ಟೋಸ್ಟೆರಾನ್ ದೇಹದಲ್ಲೇ ಇರುವುದರಿಂದ, ಎಪಿಟೆಸ್ಟೋಸ್ಟೆರಾನ್ ಎಂಬ ಅದರ ಜೊತೆಗಾರನ ಜತೆ ಅನುಪಾತ ನೋಡುತ್ತಾರೆ. ನಾಲ್ಕಕ್ಕೆ ಒಂದು ದಾಟಿದರೆ ಕೆಂಪು ದೀಪ. ಆಮೇಲೆ ಇಂಗಾಲದ ಐಸೊಟೋಪ್ ಅಳೆಯುತ್ತಾರೆ: ಕಾರ್ಖಾನೆಯ ಟೆಸ್ಟೋಸ್ಟೆರಾನ್ ತಯಾರಾಗುವುದು ಸೋಯಾದಂಥ ಗಿಡಗಳಿಂದ, ಅದರ ಇಂಗಾಲದ ಗುರುತು ನಮ್ಮ ದೇಹದ್ದಕ್ಕಿಂತ ಬೇರೆ. ಸ್ಟಾನೊಜೊಲಾಲ್‌ನಂಥ ಮದ್ದಿನ ಕುರುಹು ವಾರಗಟ್ಟಲೆ ಮೂತ್ರದಲ್ಲಿ ಸಿಗುತ್ತದೆ. ಎಚ್‌ಜಿಎಚ್ ಮಾತ್ರ ಒಂದೆರಡು ದಿನದಲ್ಲಿ ಕಣ್ಮರೆ; ಸೀಸನ್ ನಡುವೆ ಅದಕ್ಕಾಗಿ ರಕ್ತ ಪರೀಕ್ಷೆ ಶುರುವಾದದ್ದೇ 2013ರಲ್ಲಿ. ಹಾಗಾಗಿ ಪರೀಕ್ಷೆಯಲ್ಲಿ ಪಾಸಾದದ್ದು ಪಾವಿತ್ರ್ಯದ ಪ್ರಮಾಣಪತ್ರವಲ್ಲ.

ಇಲ್ಲಿಂದ ನೇರವಾಗಿ ನಿಮ್ಮ ಗೆಳೆಯ ಹೇಳಿದ ಕ್ಲಿನಿಕ್‌ಗೆ ಬರುತ್ತೇನೆ. 2013ರಲ್ಲಿ ಹತ್ತಕ್ಕೂ ಹೆಚ್ಚು ಆಟಗಾರರು ಒಟ್ಟಿಗೆ ಶಿಕ್ಷೆಗೊಳಗಾದರಲ್ಲ, ಅವರಲ್ಲಿ ಹೆಚ್ಚಿನವರು ಪರೀಕ್ಷೆಯಲ್ಲಿ ಸಿಕ್ಕವರಲ್ಲ. ಫ್ಲಾರಿಡಾದ ಬಯೋಜೆನೆಸಿಸ್ ಎಂಬ 'ವಯಸ್ಸು ತಡೆಯುವ' ಕ್ಲಿನಿಕ್‌ನ ಲೆಕ್ಕದ ಪುಸ್ತಕಗಳು ಪತ್ರಿಕೆಯೊಂದರ ಕೈಗೆ ಸಿಕ್ಕವು. ಅದನ್ನು ನಡೆಸುತ್ತಿದ್ದ ಆಂಥನಿ ಬಾಶ್ ಬಿಳಿ ಕೋಟು ಹಾಕಿ ಡಾಕ್ಟರ್ ಎನಿಸಿಕೊಂಡಿದ್ದ. ಅಮೆರಿಕದಲ್ಲಿ ವೈದ್ಯ ವೃತ್ತಿಯ ಪರವಾನಗಿಯೇ ಇರಲಿಲ್ಲ. ಹೈಸ್ಕೂಲು ಹುಡುಗರಿಗೂ ಮದ್ದು ಕೊಟ್ಟಿದ್ದ. 2015ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ಎಲ್ಲ ಹಾರ್ಮೋನ್ ಕ್ಲಿನಿಕ್ಕೂ ಹೀಗೆ ಎನ್ನುತ್ತಿಲ್ಲ. ಆದರೆ ಮೊದಲ ಭೇಟಿಯಲ್ಲೇ, ಬೆಳಗಿನ ರಕ್ತ ಪರೀಕ್ಷೆ ಎರಡು ಸಲ ಮಾಡಿಸದೆ, ಮಕ್ಕಳು ಬೇಕೇ ಎಂದು ಕೇಳದೆ, ಗೊರಕೆ ಹೊಡೆಯುತ್ತೀರಾ ಎಂದು ವಿಚಾರಿಸದೆ ಸೂಜಿ ಹಿಡಿದರೆ ಅಲ್ಲಿಂದ ಎದ್ದು ಬನ್ನಿ.

ಟೆಸ್ಟೋಸ್ಟೆರಾನ್ ನಿಜಕ್ಕೂ ಕಡಿಮೆ ಇರುವವರಿಗೆ ಚಿಕಿತ್ಸೆ ಉಂಟು, ನಾನೇ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬಳಿ ಕಳಿಸುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ, ಎರಡು ಸಲವೂ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕೆಳಗೆ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಆ ಮಾತು. ನಮ್ಮವರಲ್ಲಿ ಅಂಥ ಫಲಿತಾಂಶ ಬಂದರೆ ಹಿಂದೆ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವುದನ್ನು ಹೆಚ್ಚಾಗಿ ಕಂಡಿದ್ದೇನೆ. ಅವನ್ನು ಸರಿಮಾಡಿದರೆ ಎಷ್ಟೋ ಜನರಿಗೆ ಮಟ್ಟ ತಾನೇ ಏರುತ್ತದೆ. ಮಟ್ಟ ಸರಿಯಿದ್ದೂ ತೆಗೆದುಕೊಂಡರೆ ನಿಮ್ಮ ದೇಹ ತನ್ನ ಕಾರ್ಖಾನೆಗೆ ಬೀಗ ಹಾಕುತ್ತದೆ. ವೀರ್ಯಾಣು ತಗ್ಗುತ್ತದೆ, ವೃಷಣ ಕುಗ್ಗುತ್ತದೆ, ಬಿಟ್ಟ ಮೇಲೆ ತಿಂಗಳುಗಟ್ಟಲೆ ಮಂಕು ಕವಿಯುತ್ತದೆ. ಕೆಲವರಲ್ಲಿ ಕಾರ್ಖಾನೆ ಮತ್ತೆ ಪೂರ್ತಿ ತೆರೆಯುವುದೇ ಇಲ್ಲ. ರಕ್ತ ಮಂದವಾಗುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ಬಾಯಿಂದ ನುಂಗುವ ಸ್ಟಾನೊಜೊಲಾಲ್‌ನಂಥದ್ದು ಯಕೃತ್ತನ್ನು ಹಿಂಡುತ್ತದೆ. 2023ರಲ್ಲಿ 5,200ಕ್ಕೂ ಹೆಚ್ಚು ಗಂಡಸರ ಮೇಲಿನ ದೊಡ್ಡ ಅಧ್ಯಯನವೊಂದು, ಮಟ್ಟ ಕಡಿಮೆಯಿದ್ದವರಿಗೆ ವೈದ್ಯರ ಕಣ್ಣಿನಡಿ ಕೊಟ್ಟರೆ ಹೃದಯಾಘಾತ ಹೆಚ್ಚುವುದಿಲ್ಲ ಎಂದು ಸಮಾಧಾನ ಹೇಳಿತು. ಆದರೆ ಅವರಲ್ಲೂ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚಿತ್ತು. ಅದು ಚಿಕಿತ್ಸೆಯ ಪ್ರಮಾಣದ ಮಾತು. ಜಿಮ್ಮಿನ ಪ್ರಮಾಣ ಅದರ ಎಷ್ಟೋ ಪಟ್ಟು.

ನಿಮ್ಮ ಭುಜದ ನೋವು ಟೆಸ್ಟೋಸ್ಟೆರಾನ್ ಕೊರತೆಯ ನೋವಿನಂತೆ ನನಗೆ ಕಾಣುವುದಿಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಬಾಗಿ ಕೂತು ಭಾನುವಾರ ಒಮ್ಮೆಗೇ ಎಂಬತ್ತು ಚೆಂಡು ಎಸೆಯುವವರ ರೊಟೇಟರ್ ಕಫ್ (ಭುಜದ ಕೀಲನ್ನು ಸುತ್ತಿ ಹಿಡಿದ ಖಂಡ, ರಜ್ಜುಗಳು) ಹೀಗೇ ಅಳುತ್ತದೆ. ಮೈಸೂರಿನ ಜಾವಗಲ್ ಶ್ರೀನಾಥ್ ಅವರನ್ನು 1997ರಲ್ಲಿ ತಿಂಗಳುಗಟ್ಟಲೆ ಕೂರಿಸಿದ್ದು ಇದೇ ಭಾಗದ ಗಾಯ. ಶಸ್ತ್ರಚಿಕಿತ್ಸೆಯ ನಂತರ ಅವರು 2003ರ ವಿಶ್ವಕಪ್‌ವರೆಗೂ ವೇಗವಾಗಿ ಬೌಲ್ ಮಾಡಿದರು. ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ, ಕೈ ಎತ್ತುವ ಬಲವೇ ಕಡಿಮೆಯಾಗಿದ್ದರೆ, ಬೆರಳು ಜೋಮು ಹಿಡಿದರೆ ತಡಮಾಡದೆ ಎಂಆರ್‌ಐ ಮಾಡಿಸಿ. ಇಲ್ಲವಾದರೆ ಮೂರು ವಾರ ಎಸೆತ ನಿಲ್ಲಿಸಿ, ಹತ್ತು ಹನ್ನೆರಡು ವಾರ ಫಿಸಿಯೊಥೆರಪಿ: ಭುಜದ ಹಿಂಬದಿಯ ಬಿಗಿ ಸಡಿಲಿಸುವುದು, ರೆಕ್ಕೆಮೂಳೆಯ ಸುತ್ತಣ ಖಂಡ ಬಲಪಡಿಸುವುದು, ಕಾಲು ಸೊಂಟಗಳಿಗೂ ವ್ಯಾಯಾಮ. ಬೇಜಾರಿನ ಕೆಲಸ, ಗೊತ್ತು. ಮರಳಿದ ಮೇಲೆ ದಿನಕ್ಕೆ ನಲವತ್ತು ಚೆಂಡಿನಿಂದ ಶುರುಮಾಡಿ. ಕಾರ್ಟಿಸೋನ್ ಇಂಜೆಕ್ಷನ್ ಬೇಕೆಂದು ಕೇಳುವಿರಿ. ಒಂದು ಸಲ, ಫಿಸಿಯೊ ಮಾಡಲಾಗದಷ್ಟು ನೋವಿದ್ದರೆ ಸರಿ. ಅದನ್ನು ಹಾಕಿಸಿಕೊಂಡು ಮರುವಾರವೇ ಎಸೆಯುವುದು ಹೊಗೆ ಗಂಟೆಯ ತಂತಿ ಕಿತ್ತು ಮಲಗಿದಂತೆ. ಮೂರನೆಯ ದಾರಿಯೂ ಇದೆ: ವೇಗ ಬಿಡಿ, ಚೇಂಜ್‌ಅಪ್ (ವೇಗದ ಚೆಂಡಿನ ಬೀಸಿನಲ್ಲೇ ನಿಧಾನವಾಗಿ ಬರುವ ಎಸೆತ) ಕಲಿಯಿರಿ. ನಾನು ಹೇಳಿದವರಲ್ಲಿ ಇದನ್ನು ಒಪ್ಪಿದವರು ಒಬ್ಬರೇ, ಈಗ ಅವರ ಲೀಗಿನಲ್ಲಿ ಅವರನ್ನು ಹೊಡೆಯುವವರಿಲ್ಲ.

ಮಗನ ವಿಷಯ. 'ಎಲ್ಲರೂ ಮಾಡಿಲ್ಲ' ಎಂದು ಶುರುಮಾಡಿ, ಮೇಲಿನ ಲೆಕ್ಕ ತೋರಿಸಿ. ಹದಿನೈದರ ಹುಡುಗರು ನೀತಿಪಾಠಕ್ಕೆ ಕಿವಿ ಮುಚ್ಚುತ್ತಾರೆ, ಲೆಕ್ಕಕ್ಕೆ ತೆರೆಯುತ್ತಾರೆ. ಮೂಳೆಯ ತುದಿಯ ಬೆಳವಣಿಗೆ ಪದರ ಅವನಲ್ಲಿ ಇನ್ನೂ ಮುಚ್ಚಿಲ್ಲದಿರಬಹುದು. ಸ್ಟೆರಾಯ್ಡ್ ಅದನ್ನು ಅವಧಿಗೆ ಮೊದಲೇ ಮುಚ್ಚಿಸಿ ಎತ್ತರ ನಿಲ್ಲಿಸುತ್ತದೆ. ಎತ್ತರದ ಮಾತು ಅವನ ತಲೆಗೆ ಹೋಗುತ್ತದೆ, ನೋಡಿ. ಮದ್ದಿಗಿಂತ ನನಗೆ ಅವನ ಮೊಣಕೈಯದೇ ಚಿಂತೆ. 15-16ರ ಹುಡುಗರಿಗೆ ದಿನಕ್ಕೆ ಗರಿಷ್ಠ 95 ಚೆಂಡು, 75 ದಾಟಿದರೆ ನಾಲ್ಕು ದಿನ ಪೂರ್ತಿ ವಿರಾಮ ಎಂದು ದೊಡ್ಡ ಲೀಗಿನದೇ ಮಾರ್ಗಸೂಚಿ ಇದೆ. ಶಾಲೆಯ ತಂಡ, ವಾರಾಂತ್ಯದ ಪ್ರವಾಸಿ ತಂಡ ಎರಡರಲ್ಲೂ ಆಡುವ ಹುಡುಗನ ಒಟ್ಟು ಲೆಕ್ಕವನ್ನು ಯಾವ ಕೋಚೂ ಇಡುವುದಿಲ್ಲ. ನೀವೇ ಇಡಬೇಕು.

ಕೊನೆಗೆ ಆ ಡಬ್ಬಿ. ಅಂಗಡಿಯಲ್ಲಿ ಸಿಗುವ 'ನೈಸರ್ಗಿಕ' ಪೂರಕಗಳಲ್ಲಿ ಹೆಸರು ಬರೆಯದ ಅನಾಬಾಲಿಕ್ ಬೆರಸಿರುವುದು ಮತ್ತೆ ಮತ್ತೆ ಸಿಕ್ಕಿದೆ. ನಮ್ಮ ಉಡುಪಿ ಜಿಲ್ಲೆಯ ಸಿದ್ಧಾಪುರದ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದು, ಮರುವರ್ಷ ಮೆಥಾಂಡೈನೋನ್ ಎಂಬ ಅನಾಬಾಲಿಕ್ ಸ್ಟೆರಾಯ್ಡ್ ಪತ್ತೆಯಾಗಿ ನಿಷೇಧಕ್ಕೊಳಗಾದದ್ದು ನೆನಪಿರಬಹುದು. ಕೋಚ್ ತಂದುಕೊಟ್ಟ ಜಿನ್ಸೆಂಗ್‌ನಿಂದ ಬಂತು ಎಂದು ಅವರು ಹೇಳಿದರೂ ಶಿಕ್ಷೆ ತಪ್ಪಲಿಲ್ಲ. ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ ಎನ್ನುವುದು ಎಲ್ಲೆಡೆಯ ನಿಯಮ. ಡಬ್ಬಿಯನ್ನು ಮಗನ ಕೈಗೆ ಸಿಗದ ಕಡೆ ಇಡಿ, ಆದರೆ ಎಸೆಯಬೇಡಿ. ಭುಜ ತೋರಿಸಲು ಹೋಗುವಾಗ ಅದನ್ನೂ, ಮಗ ಕಳೆದ ನಾಲ್ಕು ವಾರದಲ್ಲಿ ಯಾವ ದಿನ ಎಷ್ಟು ಚೆಂಡು ಎಸೆದ ಎಂದು ಬರೆದ ಚೀಟಿಯನ್ನೂ ಜೊತೆಗೊಯ್ಯಿರಿ. ಸಾಧ್ಯವಾದರೆ ಅವನನ್ನೂ ಕರೆದುಕೊಂಡು ಹೋಗಿ.